ತಾಯಿಗೆ ಭತ್ಯೆ, ತಂದೆಗೆ ತೆರಿಗೆ
ಬ್ರಿಟನ್ನಿನ ಮಕ್ಕಳ ಭತ್ಯೆ ಹಾಗೂ ಅಧಿಕ ವರಮಾನದ ಕುಟುಂಬಗಳು: ಒಂದು ಅಧ್ಯಯನ

ಮಗುವಿನ ಪಾಲನೆ ಪೋಷಣೆಗಳು ಹೆತ್ತವರ ಹೊಣೆಯೆಂಬುದು ಎಲ್ಲ ಸಮಾಜಗಳೂ ಒಪ್ಪಿಕೊಂಡು ಬಂದಿರುವ ಮಾತು. ಆದರೆ ಅದೇ ಮಗು ಬೆಳೆದು ದುಡಿಯುವ ಪ್ರಜೆಯಾದಾಗ ಅದರ ದುಡಿಮೆಯ ಫಲವನ್ನು ಇಡೀ ಸಮಾಜವೇ ಉಣ್ಣುತ್ತದೆ. ಹೀಗಿರುವಾಗ ಪೋಷಣೆಯ ವೆಚ್ಚದಲ್ಲಿ ಒಂದು ಪಾಲನ್ನು ಸಮಾಜವೂ ಹೊರಬೇಡವೇ? ಹೊರುವುದಾದರೆ ಉಳ್ಳವರ ಮಗುವಿಗೂ ಇಲ್ಲದವರ ಮಗುವಿಗೂ ಒಂದೇ ಅಳತೆ ಸಲ್ಲಬೇಕೇ? ಈ ಎರಡು ಪ್ರಶ್ನೆಗಳಿಗೆ ಬ್ರಿಟನ್ ದೇಶವು ಕಳೆದ ಎಂಬತ್ತು ವರ್ಷಗಳಲ್ಲಿ ಬೇರೆಬೇರೆ ಕಾಲಕ್ಕೆ ಬೇರೆಬೇರೆ ಉತ್ತರಗಳನ್ನು ಕೊಟ್ಟಿದೆ. ಆ ಉತ್ತರಗಳ ಇತಿಹಾಸವೇ ಅಲ್ಲಿನ 'ಚೈಲ್ಡ್ ಬೆನಿಫಿಟ್' ಎಂಬ ಮಕ್ಕಳ ಭತ್ಯೆಯ ಇತಿಹಾಸ.

ಈ ವಿಷಯ ಹೊರನಾಡ ಕನ್ನಡಿಗರಿಗೆ ದೂರದ್ದೇನಲ್ಲ. ಮುಂಬಯಿ, ಪುಣೆ, ಚೆನ್ನೈಗಳ ಕನ್ನಡ ಮನೆತನಗಳಲ್ಲಿ ಮಗನೋ ಮಗಳೋ ಲಂಡನ್ನಿನಲ್ಲಿ ಇಲ್ಲವೆ ಮ್ಯಾಂಚೆಸ್ಟರಿನಲ್ಲಿ ವೈದ್ಯರಾಗಿ, ಇಂಜಿನಿಯರರಾಗಿ ನೆಲೆಸಿರುವುದು ಈಗ ಅಪರೂಪವಲ್ಲ. ಅಂತಹ ವೃತ್ತಿಯವರ ಸಂಬಳ ಬಹುಬೇಗ ಮುಟ್ಟುವ ಎತ್ತರದಲ್ಲಿಯೇ ಈ ತೆರಿಗೆಯ ನಿಯಮ ಆರಂಭವಾಗುತ್ತದೆ. ನಿಯಮವನ್ನು ಅರಿಯದೆ ಅರ್ಜಿಯನ್ನೇ ಹಾಕದೆ ಬಿಟ್ಟರೆ ಆಗುವ ನಷ್ಟ ಇಂದಿನದಲ್ಲ. ಮನೆಯಲ್ಲಿ ಮಗುವನ್ನು ನೋಡಿಕೊಂಡಿದ್ದ ತಾಯಿಯ ವೃದ್ಧಾಪ್ಯದ ಪಿಂಚಣಿಯಲ್ಲಿ ಅದು ಪ್ರಕಟವಾಗುತ್ತದೆ. ಆದುದರಿಂದ ಇದನ್ನು ತುಸು ವಿವರವಾಗಿ ತಿಳಿಯುವುದು ಉಚಿತ.

ಭತ್ಯೆಯ ಹುಟ್ಟು

ಮಕ್ಕಳ ಭತ್ಯೆಯ ಹಿಂದಿರುವ ಮುಖ್ಯ ಹೆಸರು ಎಲಿನರ್ ರಾತ್‌ಬೋನ್ ಎಂಬ ಮಹಿಳೆಯದು. ಬ್ರಿಟಿಷ್ ಸಂಸತ್ತಿನ ಸದಸ್ಯೆಯಾಗಿದ್ದ ಈಕೆ 1924ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳ ತರ್ಕವನ್ನು ಮುಂದಿಟ್ಟಳು. ಕಾರ್ಖಾನೆಯಲ್ಲಿ ಸಂಬಳ ಕೊಡುವಾಗ ಅವಿವಾಹಿತನಿಗೂ ಐದು ಮಕ್ಕಳ ತಂದೆಗೂ ಒಂದೇ ದರ. ಆದರೆ ಆ ಸಂಬಳವನ್ನು ನೆಚ್ಚಿಕೊಂಡ ಹೊಟ್ಟೆಗಳ ಸಂಖ್ಯೆ ಒಂದೇ ಅಲ್ಲ. ಆದ ಕಾರಣ ಮಕ್ಕಳ ಸಲುವಾಗಿ ಸರಕಾರವೇ ಪ್ರತ್ಯೇಕವಾಗಿ ಹಣ ಕೊಡಬೇಕು, ಅದನ್ನು ತಾಯಿಯ ಕೈಗೇ ಕೊಡಬೇಕು ಎಂಬುದು ಆಕೆಯ ವಾದ. ಭಾರತದ ಮಟ್ಟಿಗೂ ಈಕೆ ಅಪರಿಚಿತಳಲ್ಲ. 1932ರಲ್ಲಿ ನಮ್ಮ ದೇಶಕ್ಕೆ ಬಂದಿದ್ದ ರಾತ್‌ಬೋನ್, ಇಲ್ಲಿನ ಬಾಲ್ಯವಿವಾಹ ಪದ್ಧತಿಯ ವಿರುದ್ಧ 1934ರಲ್ಲಿ ಒಂದು ಪುಸ್ತಕವನ್ನೇ ಬರೆದಳು.

1942ರಲ್ಲಿ ಪ್ರಕಟವಾದ ಪ್ರಸಿದ್ಧ ಬೆವರಿಜ್ ವರದಿಯು ಸಾಮಾಜಿಕ ಭದ್ರತೆಯ ಕಟ್ಟಡಕ್ಕೆ ಮೂರು ಆಧಾರಗಳನ್ನು ಹೇಳಿತು: ಮಕ್ಕಳಿಗೆ ಭತ್ಯೆ, ಸರ್ವರಿಗೂ ಆರೋಗ್ಯ ಸೇವೆ, ನಿರುದ್ಯೋಗ ನಿವಾರಣೆ. ಭತ್ಯೆಯೂ ಆರೋಗ್ಯವೂ ಒಂದೇ ವರದಿಯ ಒಡಹುಟ್ಟುಗಳೆಂಬುದು ಇಲ್ಲಿ ಗಮನಾರ್ಹ. ಹಾಲು, ಬೆಚ್ಚನೆಯ ಉಡುಪು, ಒಣಗಿದ ಕೋಣೆ ಇವುಗಳಿಲ್ಲದ ಮಗುವನ್ನು ಆಸ್ಪತ್ರೆಯೊಂದೇ ಕಾಪಾಡಲಾರದೆಂಬ ವಿವೇಕ ಅದರಲ್ಲಿತ್ತು. 1945ರಲ್ಲಿ ಕುಟುಂಬ ಭತ್ಯೆಯ ಕಾಯಿದೆ ಬಂದಿತು. ಮೂಲ ಮಸೂದೆಯಲ್ಲಿ ಹಣವು ತಂದೆಗೆ ಸಲ್ಲುವಂತೆ ಬರೆದಿತ್ತು. ರಾತ್‌ಬೋನ್ ಪಟ್ಟು ಹಿಡಿದುದರಿಂದ ಅದು ತಾಯಿಗೆ ಸಲ್ಲುವಂತೆ ತಿದ್ದುಪಡಿಯಾಯಿತು. 1946ರ ಆಗಸ್ಟ್ 6ರಂದು ಮೊದಲ ಪಾವತಿ ನಡೆಯಿತು. ಮೊದಲನೆಯ ಮಗುವನ್ನು ಬಿಟ್ಟು ಉಳಿದ ಪ್ರತಿಯೊಂದು ಮಗುವಿಗೂ ವಾರಕ್ಕೆ 5 ಷಿಲಿಂಗ್. ತನ್ನ ಜೀವಮಾನದ ಹೋರಾಟದ ಈ ಫಲವನ್ನು ಕಾಣಲು ರಾತ್‌ಬೋನ್ ಉಳಿದಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಆಕೆ ತೀರಿಕೊಂಡಿದ್ದಳು.

ಈ ಭತ್ಯೆಯ ಜತೆಯಲ್ಲಿಯೇ ವರಮಾನ ತೆರಿಗೆಯಲ್ಲಿ ಮಕ್ಕಳ ಸಲುವಾಗಿ ಒಂದು ವಿನಾಯಿತಿಯೂ ಇದ್ದಿತು. ಆ ವಿನಾಯಿತಿಯ ಲಾಭ ತೆರಿಗೆ ಕೊಡುವ ತಂದೆಗೆ. ತೆರಿಗೆಯನ್ನೇ ಕೊಡಲಾಗದ ಬಡವನಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ. ಈ ಎರಡನ್ನೂ ಒಂದುಗೂಡಿಸಿ, ಮೊದಲನೆಯ ಮಗುವೂ ಸೇರಿದಂತೆ ಎಲ್ಲ ಮಕ್ಕಳಿಗೂ ಸಲ್ಲುವ ಭತ್ಯೆಯನ್ನು 1975ರ ಕಾಯಿದೆ ನಿರ್ಮಿಸಿತು. ಗಂಡನ ಜೇಬಿನಿಂದ ಹೆಂಡತಿಯ ಪರ್ಸಿಗೆ ಹಣ ಹೋಗುವುದೆಂದು ಅಂದಿನ ಮಂತ್ರಿಮಂಡಲವೇ ಅಳುಕಿತು. ಯೋಜನೆಯನ್ನು ಮುಂದೂಡುವ ಯತ್ನವೂ 1976ರಲ್ಲಿ ನಡೆಯಿತು. ಆ ಗುಟ್ಟು ಪತ್ರಿಕೆಯೊಂದರಲ್ಲಿ ರಟ್ಟಾದ ಮೇಲೆ ಸರಕಾರ ಹಿಂಜರಿಯುವಂತಿರಲಿಲ್ಲ. 1977ರ ಏಪ್ರಿಲ್‌ನಿಂದ ಹೊಸ ಭತ್ಯೆ ಜಾರಿಗೆ ಬಂದು, 1979ರ ಹೊತ್ತಿಗೆ ತೆರಿಗೆಯ ವಿನಾಯಿತಿ ಮರೆಯಾಯಿತು. ಅಲ್ಲಿಂದ ಮುಂದಿನ ಮೂರು ದಶಕಗಳ ಕಾಲ ಗಣಿ ಕೆಲಸಗಾರನ ಮಗುವಿಗೂ ಬ್ಯಾಂಕಿನ ನಿರ್ದೇಶಕನ ಮಗುವಿಗೂ ಒಂದೇ ಭತ್ಯೆ, ಅದರ ಮೇಲೆ ತೆರಿಗೆಯಿಲ್ಲ ಎಂಬ ನೀತಿ ನಡೆದುಬಂದಿತು.

2013ರ ತಿರುವು

2008ರ ಜಾಗತಿಕ ಹಣಕಾಸಿನ ಕುಸಿತದ ತರುವಾಯ ಬ್ರಿಟನ್ನಿನ ಬೊಕ್ಕಸ ಬರಿದಾಯಿತು. 2010ರ ಅಕ್ಟೋಬರಿನಲ್ಲಿ ಅಂದಿನ ಹಣಕಾಸಿನ ಮಂತ್ರಿ ಜಾರ್ಜ್ ಆಸ್‌ಬಾರ್ನ್, ಮೇಲಿನ ದರದಲ್ಲಿ ತೆರಿಗೆ ಕೊಡುವವರಿರುವ ಮನೆಗಳಿಗೆ ಇನ್ನು ಮುಂದೆ ಮಕ್ಕಳ ಭತ್ಯೆ ಸಲ್ಲದೆಂದು ಘೋಷಿಸಿದರು. ಆ ಮೂಲ ಯೋಜನೆಯಲ್ಲಿ ಒಂದು ದೊಡ್ಡ ದೋಷವಿದ್ದಿತು. ಮಿತಿಯನ್ನು ಒಂದೇ ಒಂದು ಪೌಂಡ್ ದಾಟಿದರೂ ಭತ್ಯೆಯಷ್ಟೂ ಹೋಗುವುದು. ಬೆಟ್ಟದ ಅಂಚಿನಿಂದ ಪ್ರಪಾತಕ್ಕೆ ಬಿದ್ದಂತೆ. ಟೀಕೆಗಳು ಬಂದುದರಿಂದ 2012ರ ಬಜೆಟ್ಟಿನಲ್ಲಿ ಪ್ರಪಾತವನ್ನು ಇಳಿಜಾರನ್ನಾಗಿ ಮಾರ್ಪಡಿಸಲಾಯಿತು. 50,000 ಪೌಂಡ್ ವರಮಾನದಿಂದ ಆರಂಭಿಸಿ, ಪ್ರತಿ 100 ಪೌಂಡಿಗೆ ಭತ್ಯೆಯ ನೂರರಲ್ಲಿ ಒಂದು ಪಾಲನ್ನು ತೆರಿಗೆಯ ರೂಪದಲ್ಲಿ ಹಿಂದಕ್ಕೆ ಪಡೆಯುವುದು. 60,000 ಪೌಂಡ್ ಮುಟ್ಟಿದಾಗ ಭತ್ಯೆಯಷ್ಟೂ ಸರಕಾರಕ್ಕೆ ಮರಳುವುದು. 'ಅಧಿಕ ವರಮಾನದ ಮಕ್ಕಳ ಭತ್ಯೆ ತೆರಿಗೆ' ಎಂದು ಕರೆಯಬಹುದಾದ ಈ ವಿಧಿ 2013ರ ಜನವರಿ 7ರಿಂದ ಜಾರಿಗೆ ಬಂದಿತು.

ಬೆಲೆಗಳೂ ಸಂಬಳಗಳೂ ವರ್ಷ ವರ್ಷ ಏರಿದರೂ 50,000 ಪೌಂಡಿನ ಮಿತಿ ಮಾತ್ರ ಹನ್ನೊಂದು ವರ್ಷ ಕದಲಲಿಲ್ಲ. ಇದರ ಪರಿಣಾಮವಾಗಿ ಆರಂಭದಲ್ಲಿ ಸಿರಿವಂತರಿಗೆಂದು ನೆಯ್ದ ಬಲೆಯಲ್ಲಿ ಕ್ರಮೇಣ ಶಾಲೆಯ ಹಿರಿಯ ಉಪಾಧ್ಯಾಯರೂ ಅನುಭವಿ ದಾದಿಯರೂ ಸಿಕ್ಕಿಬೀಳತೊಡಗಿದರು. ಕಾನೂನಿನ ಒಂದಕ್ಷರವನ್ನೂ ಬದಲಿಸದೆ, ಕೇವಲ ಸುಮ್ಮನಿರುವುದರಿಂದಲೇ ತೆರಿಗೆಯನ್ನು ಹೆಚ್ಚಿಸುವ ಉಪಾಯವಿದು. ಕಡೆಗೆ 2024ರ ಮಾರ್ಚ್ ಬಜೆಟ್ಟಿನಲ್ಲಿ ಹಣಕಾಸಿನ ಮಂತ್ರಿ ಜೆರೆಮಿ ಹಂಟ್ ಮಿತಿಯನ್ನು ಏರಿಸಿದರು.

ಲೆಕ್ಕ ಹಾಕುವ ಕ್ರಮ

2024ರ ಏಪ್ರಿಲ್ 6ರಿಂದ ಜಾರಿಯಲ್ಲಿರುವ ನಿಯಮದ ಸಾರಾಂಶ ಹೀಗಿದೆ. ಗಂಡಹೆಂಡಿರಲ್ಲಿ ಯಾರ ವರಮಾನ ಹೆಚ್ಚೋ ಅವರ ವರಮಾನವನ್ನು ಮಾತ್ರ ನೋಡತಕ್ಕದ್ದು. ಅದು 60,000 ಪೌಂಡ್ ಮೀರದಿದ್ದರೆ ತೆರಿಗೆಯಿಲ್ಲ. ಮೀರಿದರೆ, ಮೀರಿದ ಪ್ರತಿ 200 ಪೌಂಡಿಗೆ ವರ್ಷದ ಭತ್ಯೆಯ ಶೇಕಡ 1ರಷ್ಟು ತೆರಿಗೆ. 80,000 ಪೌಂಡಿಗೆ ಶೇಕಡ 100, ಅಂದರೆ ಭತ್ಯೆಯಷ್ಟೂ ವಾಪಸು. ಭತ್ಯೆಯನ್ನು ಪಡೆದವರು ಯಾರೇ ಆಗಿರಲಿ, ತೆರಿಗೆ ಕೊಡಬೇಕಾದವರು ಹೆಚ್ಚು ಗಳಿಸುವವರು. ವಿವಾಹವಾಗದೆ ಒಂದೇ ಸಂಸಾರವಾಗಿ ಬಾಳುವವರಿಗೂ ಇದೇ ನಿಯಮ. ಹೆಚ್ಚಿನ ಮನೆಗಳಲ್ಲಿ ಭತ್ಯೆಯು ತಾಯಿಯ ಖಾತೆಗೆ ಬಂದು ತೆರಿಗೆಯ ಚೀಟಿ ತಂದೆಯ ಹೆಸರಿಗೆ ಬರುವುದರಿಂದ, ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ತಾಯಿಯೇ ಹೆಚ್ಚು ಗಳಿಸುವ ಮನೆಯಲ್ಲಿ ಚೀಟಿ ಆಕೆಯ ಹೆಸರಿಗೇ ಬರುವುದು.

ಭತ್ಯೆಯ ದರ 2025-26ರ ತೆರಿಗೆ ವರ್ಷದಲ್ಲಿ ಹಿರಿಯ ಮಗುವಿಗೆ ವಾರಕ್ಕೆ 26.05 ಪೌಂಡ್, ಉಳಿದ ಪ್ರತಿಯೊಂದು ಮಗುವಿಗೆ 17.25 ಪೌಂಡ್ ಆಗಿತ್ತು. ಮಕ್ಕಳ ಸಂಖ್ಯೆಗೆ ಮಿತಿಯಿಲ್ಲ. ಮಗುವಿಗೆ 16 ವರ್ಷ ತುಂಬುವವರೆಗೂ, ಅಂಗೀಕೃತ ವಿದ್ಯಾಭ್ಯಾಸದಲ್ಲಿದ್ದರೆ 20 ತುಂಬುವವರೆಗೂ ಭತ್ಯೆ ಸಲ್ಲುತ್ತದೆ. ಆ ವರ್ಷದ 52 ವಾರಗಳಿಗೆ ಲೆಕ್ಕ ಹಾಕಿದರೆ,

ಒಂದು ಮಗುವಿಗೆ: 1,354.60 ಪೌಂಡ್
ಎರಡು ಮಕ್ಕಳಿಗೆ: 2,251.60 ಪೌಂಡ್
ಮೂರು ಮಕ್ಕಳಿಗೆ: 3,148.60 ಪೌಂಡ್

ಇದೇ ದರದ ಮೇಲೆ, ತಲಾ ಇಬ್ಬರು ಮಕ್ಕಳಿರುವ ಮೂರು ಕುಟುಂಬಗಳನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು.

'ಕ' ಕುಟುಂಬ: ತಂದೆಯ ವರಮಾನ 70,000 ಪೌಂಡ್, ತಾಯಿಗೆ ವರಮಾನವಿಲ್ಲ. ಮಿತಿಯನ್ನು ಮೀರಿದ ಮೊತ್ತ 10,000. ಅದನ್ನು 200ರಿಂದ ಭಾಗಿಸಿದರೆ 50. ಆದುದರಿಂದ ಭತ್ಯೆಯ ಶೇಕಡ 50, ಅಂದರೆ 1,125 ಪೌಂಡ್ ತೆರಿಗೆ. ಉಳಿದರ್ಧ ಮನೆಯಲ್ಲಿ ನಿಲ್ಲುತ್ತದೆ.

'ಚ' ಕುಟುಂಬ: ತಂದೆಯ ವರಮಾನ 80,000 ಪೌಂಡ್, ತಾಯಿಗೆ ವರಮಾನವಿಲ್ಲ. ತೆರಿಗೆ ಶೇಕಡ 100, ಅಂದರೆ 2,251 ಪೌಂಡ್. ಭತ್ಯೆಯಿಂದ ನಿವ್ವಳ ಲಾಭ ಶೂನ್ಯ.

'ಟ' ಕುಟುಂಬ: ತಂದೆಗೆ 60,000, ತಾಯಿಗೆ 60,000, ಒಟ್ಟು 1,20,000 ಪೌಂಡ್. ಇಬ್ಬರಲ್ಲಿ ಯಾರೂ ಮಿತಿಯನ್ನು ಮೀರಿಲ್ಲವಾದುದರಿಂದ ತೆರಿಗೆ ಏನೂ ಇಲ್ಲ. ಭತ್ಯೆಯಷ್ಟೂ ಅವರದೇ.

ಶೇಕಡಾಂಶವನ್ನು ಲೆಕ್ಕ ಹಾಕುವಾಗ ಅಪೂರ್ಣಾಂಕವನ್ನು ಬಿಟ್ಟುಬಿಡುವರು. ವರಮಾನ 60,199 ಪೌಂಡ್ ಇದ್ದರೆ ತೆರಿಗೆಯಿಲ್ಲ, 60,200 ಮುಟ್ಟಿದಾಗ ಶೇಕಡ 1. ತೆರಿಗೆಯಲ್ಲಿಯೂ ಪೌಂಡಿನ ಕೆಳಗಿನ ಪೆನ್ನಿಗಳನ್ನು ಕೈಬಿಡುವರು.

ಒಂದೇ ಸೂರು, ಎರಡು ನ್ಯಾಯ

ಮೇಲಿನ ಉದಾಹರಣೆಗಳನ್ನು ಮತ್ತೊಮ್ಮೆ ಅವಲೋಕಿಸಿದರೆ ನಿಯಮದ ಕೊರತೆ ತಾನಾಗಿಯೇ ಎದ್ದು ತೋರುತ್ತದೆ. ವರ್ಷಕ್ಕೆ 1,20,000 ಪೌಂಡ್ ಗಳಿಸುವ ಮನೆಗೆ ಪೂರ್ಣ ಭತ್ಯೆ. 80,000 ಗಳಿಸುವ ಮನೆಗೆ ಸೊನ್ನೆ. ಇದು ಕಣ್ತಪ್ಪಿನಿಂದ ಆದುದಲ್ಲ. 1990ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ಗಂಡನಿಗೂ ಹೆಂಡತಿಗೂ ಪ್ರತ್ಯೇಕವಾಗಿ ತೆರಿಗೆ ವಿಧಿಸುವ ಪದ್ಧತಿಯಿದೆ. ಅದಕ್ಕೆ ಮುನ್ನ ಹೆಂಡತಿಯ ವರಮಾನವನ್ನು ಗಂಡನ ವರಮಾನದೊಡನೆ ಸೇರಿಸಿ ಎಣಿಸುತ್ತಿದ್ದರು. ಹೆಣ್ಣಿನ ಆರ್ಥಿಕ ಸ್ವಾತಂತ್ರ್ಯದ ದೃಷ್ಟಿಯಿಂದ ಪ್ರತ್ಯೇಕ ಪದ್ಧತಿಯು ಮೇಲಾದುದು. ಆದರೆ ತೆರಿಗೆ ಇಲಾಖೆಯ ಬಳಿ ವ್ಯಕ್ತಿಯ ಲೆಕ್ಕವಿದೆಯೇ ಹೊರತು ಮನೆಯ ಲೆಕ್ಕವಿಲ್ಲ. ಮಗುವಾದರೋ ಬೆಳೆಯುವುದು ಮನೆಯಲ್ಲಿ. ವ್ಯಕ್ತಿಯ ಅಳತೆಗೋಲಿನಿಂದ ಮನೆಯನ್ನು ಅಳೆಯಹೊರಟಾಗ ಇಂತಹ ವಕ್ರತೆ ಅನಿವಾರ್ಯ.

ಈ ಕೊರತೆಯನ್ನು ಸರಿಪಡಿಸಿ, ಕುಟುಂಬದ ಒಟ್ಟು ವರಮಾನವನ್ನು ಆಧಾರವಾಗಿಸುವ ಉದ್ದೇಶವನ್ನು 2024ರ ಮಾರ್ಚಿನಲ್ಲಿ ಸರಕಾರ ಪ್ರಕಟಿಸಿತ್ತು. ಅದೇ ವರ್ಷ ಚುನಾವಣೆಯಾಗಿ ಸರಕಾರ ಬದಲಾಯಿತು. ಅಕ್ಟೋಬರ್ 30ರ ಬಜೆಟ್ಟಿನಲ್ಲಿ ಹೊಸ ಹಣಕಾಸಿನ ಮಂತ್ರಿ ರೇಚಲ್ ರೀವ್ಸ್, ವೆಚ್ಚದ ಕಾರಣದಿಂದ ಆ ಯೋಜನೆಯನ್ನು ಕೈಬಿಟ್ಟರು. ವಕ್ರತೆ ಉಳಿದುಕೊಂಡಿತು.

ಇನ್ನೊಂದು ತೊಡಕು ಬಡ್ತಿಗೆ ಸಂಬಂಧಿಸಿದುದು. ಇಂಗ್ಲೆಂಡಿನಲ್ಲಿ ಮೂರು ಮಕ್ಕಳ ತಂದೆಯೊಬ್ಬನ ಸಂಬಳ 65,000ದಿಂದ 66,000 ಪೌಂಡಿಗೆ ಏರಿತೆನ್ನೋಣ. ಈ ಹೆಚ್ಚುವರಿ 1,000 ಪೌಂಡಿನಲ್ಲಿ ವರಮಾನ ತೆರಿಗೆ ಶೇಕಡ 40ರಂತೆ 400, ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಶೇಕಡ 2ರಂತೆ 20, ಭತ್ಯೆಯ ಶೇಕಡ 5ರಂತೆ ಸುಮಾರು 157 ಪೌಂಡ್. ಒಟ್ಟು 577 ಪೌಂಡ್ ಸರಕಾರಕ್ಕೆ ಸಂದು, ಕೈಯಲ್ಲಿ ಉಳಿಯುವುದು ಸುಮಾರು 423 ಪೌಂಡ್ ಮಾತ್ರ. ಹೆಸರಿಗೆ ಶೇಕಡ 40ರ ತೆರಿಗೆ. ನಿಜದಲ್ಲಿ ಶೇಕಡ 57ಕ್ಕೂ ಮಿಕ್ಕುದು. ಹೆಚ್ಚುವರಿ ಜವಾಬ್ದಾರಿ ಹೊತ್ತವನಿಗೆ ಮನೆಯಲ್ಲಿ ಅದರ ಗುರುತೇ ಕಾಣದಿದ್ದರೆ ಆಶ್ಚರ್ಯವಿಲ್ಲ.

ವರಮಾನವೆಂದರೆ ಯಾವುದು?

ಇಲ್ಲಿ ವರಮಾನವೆಂದರೆ ಕೇವಲ ಸಂಬಳವಲ್ಲ. ಸಂಬಳ, ಬಡ್ಡಿ, ಡಿವಿಡೆಂಡ್, ಬಾಡಿಗೆ ಮೊದಲಾದ ತೆರಿಗೆಗೊಳಪಡುವ ಎಲ್ಲವನ್ನೂ ಕೂಡಿಸಿ, ಕೆಲವೊಂದನ್ನು ಕಳೆದು ಬರುವ ಮೊತ್ತ. ಇದನ್ನು 'ಹೊಂದಿಸಿದ ನಿವ್ವಳ ವರಮಾನ' ಎನ್ನಬಹುದು. ಕೂಡುವುದರಲ್ಲಿಯೂ ಕಳೆಯುವುದರಲ್ಲಿಯೂ ಎಚ್ಚರ ಅವಶ್ಯ.

ಕೂಡುವುದರಲ್ಲಿ ಭಾರತೀಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಬ್ರಿಟನ್ನಿನಲ್ಲಿ ಬಹುಕಾಲದಿಂದ ನೆಲೆಸಿರುವವರು ಜಗತ್ತಿನ ಎಲ್ಲೆಡೆಯ ವರಮಾನವನ್ನೂ ಅಲ್ಲಿ ಘೋಷಿಸಬೇಕು. ಬೆಂಗಳೂರಿನ ಮನೆಯ ಬಾಡಿಗೆಯೂ ಇಲ್ಲಿನ ಬ್ಯಾಂಕಿನ ಠೇವಣಿಯ ಬಡ್ಡಿಯೂ ಅದರಲ್ಲಿ ಸೇರುತ್ತವೆ. ಅನಿವಾಸಿಗಳ ಎನ್.ಆರ್.ಇ. ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಆದ ಕಾರಣ ಎಲ್ಲಿಯೂ ತೆರಿಗೆಯಿಲ್ಲವೆಂದು ಹಲವರು ಭಾವಿಸುವುದುಂಟು. ಇದು ತಪ್ಪು ಗ್ರಹಿಕೆ. 59,000 ಪೌಂಡ್ ಸಂಬಳದವನಿಗೆ ಅಂತಹ ಬಡ್ಡಿ ವರ್ಷಕ್ಕೆ 2,000 ಪೌಂಡಿನಷ್ಟು ಬರುತ್ತಿದ್ದರೆ ಆತನ ವರಮಾನ 61,000 ಆಗಿ, ಭತ್ಯೆಯ ಶೇಕಡ 5ರಷ್ಟು ತೆರಿಗೆ ತಗಲುತ್ತದೆ. ಠೇವಣಿಯನ್ನು ಕಡಮೆ ವರಮಾನದ ಸಂಗಾತಿಯ ಹೆಸರಿನಲ್ಲಿ ಇಡಬಹುದೇ ಎಂಬುದನ್ನು ಬಲ್ಲ ಲೆಕ್ಕಿಗರಲ್ಲಿ ವಿಚಾರಿಸುವುದು ಲೇಸು.

ಕಳೆಯುವುದರಲ್ಲಿ ಮುಖ್ಯವಾದವು ಎರಡು: ಪಿಂಚಣಿ ನಿಧಿಗೆ ಕಟ್ಟುವ ವಂತಿಗೆ ಮತ್ತು ಧರ್ಮಸಂಸ್ಥೆಗಳಿಗೆ ಗಿಫ್ಟ್ ಏಡ್ ಪದ್ಧತಿಯಲ್ಲಿ ಕೊಡುವ ದಾನ. ದಾನವಾಗಿ 80 ಪೌಂಡ್ ಕೊಟ್ಟರೆ ವರಮಾನದಿಂದ 100 ಪೌಂಡ್ ಕಳೆಯಬಹುದು. ಪಿಂಚಣಿಯ ಉದಾಹರಣೆಯನ್ನು ನೋಡೋಣ. ಇಬ್ಬರು ಮಕ್ಕಳಿರುವ ಒಬ್ಬನ ವರಮಾನ 66,000 ಪೌಂಡ್. ಸುಮ್ಮನಿದ್ದರೆ ಆತ ಶೇಕಡ 30ರಂತೆ 675 ಪೌಂಡ್ ಭತ್ಯೆ ತೆರಿಗೆಯನ್ನು ಕೊಡಬೇಕು. ಬದಲಾಗಿ ತನ್ನ ಸ್ವಂತ ಪಿಂಚಣಿ ನಿಧಿಗೆ 4,800 ಪೌಂಡ್ ಕಟ್ಟಿದರೆ, ಸರಕಾರ 1,200 ಸೇರಿಸಿ ನಿಧಿಯಲ್ಲಿ 6,000 ಆಗುತ್ತದೆ. ಆತನ ವರಮಾನ 60,000ಕ್ಕೆ ಇಳಿದು ಭತ್ಯೆ ತೆರಿಗೆ ಇಲ್ಲವಾಗುತ್ತದೆ. ಜತೆಗೆ ಮೇಲಿನ ದರದ ರಿಯಾಯಿತಿಯೆಂದು ಇನ್ನೂ 1,200 ಪೌಂಡ್ ವರಮಾನ ತೆರಿಗೆ ತಗ್ಗುತ್ತದೆ. 4,800ರಿಂದ 1,200 ಮತ್ತು 675ನ್ನು ಕಳೆದರೆ 2,925. ಅರ್ಥಾತ್, ಕೈಯಿಂದ ನಿಜವಾಗಿ ಹೋದುದು 2,925 ಪೌಂಡ್, ಮುಪ್ಪಿಗೆ ಕೂಡಿಟ್ಟುದು 6,000 ಪೌಂಡ್. ಇದು ತೆರಿಗೆಯ ಕಳ್ಳತನವಲ್ಲ. ಉಳಿತಾಯವನ್ನು ಪ್ರೋತ್ಸಾಹಿಸಲು ಕಾನೂನೇ ತೆರೆದಿಟ್ಟ ಬಾಗಿಲು. ಆದರೆ ಪಿಂಚಣಿಯ ಹಣವನ್ನು ನಿಗದಿತ ವಯಸ್ಸಿಗೆ ಮುಂಚೆ ತೆಗೆಯಲಾಗದಾದುದರಿಂದ ಮನೆಯ ಇಂದಿನ ಖರ್ಚನ್ನು ಹಿಸುಕಿ ಅಲ್ಲಿಗೆ ಕಟ್ಟುವುದು ಜಾಣತನವಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಉಳಿತಾಯಕ್ಕೂ ಅನ್ವಯಿಸುವ ಮಾತು.

ಹಣ ಬೇಡವಾದರೂ ಅರ್ಜಿ ಬೇಕು

ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಡುವುದಾದರೆ ಅದು ಇದಾಗಿರಲಿ. ಗಂಡನ ವರಮಾನ 80,000 ಪೌಂಡಿಗೂ ಮಿಕ್ಕ ಮನೆಯಲ್ಲಿ, 'ಹೇಗೂ ಬಂದುದನ್ನೆಲ್ಲ ಹಿಂದಿರುಗಿಸಬೇಕು, ಅರ್ಜಿಯ ಗೊಡವೆಯೇಕೆ?' ಎಂದು ಸುಮ್ಮನಾಗುವುದು ಸಹಜ. ಆದರೆ ಅರ್ಜಿಯೊಂದಿಗೆ ಬರುವುದು ಹಣವೊಂದೇ ಅಲ್ಲ.

ಬ್ರಿಟನ್ನಿನ ಸರಕಾರಿ ಪಿಂಚಣಿಯು ನ್ಯಾಷನಲ್ ಇನ್ಶೂರೆನ್ಸ್ ದಾಖಲೆಯನ್ನು ಅವಲಂಬಿಸಿದೆ. 2016ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ಪಿಂಚಣಿಯಲ್ಲಿ ಪೂರ್ಣ ಮೊತ್ತಕ್ಕೆ ಸಾಮಾನ್ಯವಾಗಿ 35 ವರ್ಷಗಳ ದಾಖಲೆಯೂ, ಏನಾದರೂ ದೊರೆಯಬೇಕಾದರೆ ಕನಿಷ್ಠ 10 ವರ್ಷಗಳ ದಾಖಲೆಯೂ ಬೇಕು. ಉದ್ಯೋಗದಲ್ಲಿರುವವರ ವರ್ಷಗಳು ಸಂಬಳದ ವಂತಿಗೆಯಿಂದ ತುಂಬುತ್ತವೆ. ಮಗುವನ್ನು ನೋಡಿಕೊಳ್ಳಲು ಉದ್ಯೋಗ ಬಿಟ್ಟ ತಾಯಿಯ ವರ್ಷಗಳು ತುಂಬುವುದು ಹೇಗೆ? ಮಗುವಿಗೆ 12 ವರ್ಷ ತುಂಬುವವರೆಗೆ, ಭತ್ಯೆಯ ಅರ್ಜಿ ಯಾರ ಹೆಸರಿನಲ್ಲಿದೆಯೋ ಅವರ ದಾಖಲೆಗೆ ಆ ವರ್ಷಗಳನ್ನು ಸರಕಾರವೇ ಜಮೆ ಮಾಡುತ್ತದೆ. ಅರ್ಜಿಯಿಲ್ಲದಿದ್ದರೆ ಜಮೆ ತಾನಾಗಿ ಆಗುವುದಿಲ್ಲ.

ನಷ್ಟದ ಪ್ರಮಾಣವನ್ನು ಅಂಕಿಗಳಲ್ಲಿ ನೋಡಿದರೆ ಗಾಂಭೀರ್ಯ ತಿಳಿಯುತ್ತದೆ. 2025-26ರಲ್ಲಿ ಪೂರ್ಣ ಪಿಂಚಣಿ ವಾರಕ್ಕೆ 230.25 ಪೌಂಡ್ ಆಗಿತ್ತು. ಅದರ 35ನೆಯ ಒಂದು ಪಾಲು ವಾರಕ್ಕೆ ಸುಮಾರು 6.58 ಪೌಂಡ್, ವರ್ಷಕ್ಕೆ ಸುಮಾರು 342 ಪೌಂಡ್. ಮನೆಯಲ್ಲಿದ್ದ ಐದು ವರ್ಷಗಳ ಜಮೆ ತಪ್ಪಿ, ಆ ಕೊರತೆಯನ್ನು ತುಂಬಲು ಬೇರೆ ವರ್ಷಗಳು ದೊರೆಯದಿದ್ದರೆ, ಮುಪ್ಪಿನಲ್ಲಿ ವರ್ಷಕ್ಕೆ ಸುಮಾರು 1,710 ಪೌಂಡ್ ಖೋತಾ. ಪಿಂಚಣಿಯನ್ನು ಇಪ್ಪತ್ತು ವರ್ಷ ಉಣ್ಣುವ ತಾಯಿಗೆ ಅದೇ ದರದಲ್ಲಿ 34,200 ಪೌಂಡಿನ ನಷ್ಟ. ಇಷ್ಟೂ ಒಂದು ಅರ್ಜಿಯ ಅಲಕ್ಷ್ಯದಿಂದ!

ಇದಕ್ಕೆ ಕಾನೂನಿನಲ್ಲಿಯೇ ಪರಿಹಾರವಿದೆ. ಅರ್ಜಿಯನ್ನು ಸಲ್ಲಿಸಿ, ಹಣದ ಪಾವತಿ ಮಾತ್ರ ಬೇಡವೆಂದು ತಿಳಿಸಬಹುದು. ಆಗ ಭತ್ಯೆಯೂ ಇಲ್ಲ, ತೆರಿಗೆಯೂ ಇಲ್ಲ. ಪಿಂಚಣಿಯ ಜಮೆ ಮಾತ್ರ ನಡೆಯುತ್ತಿರುತ್ತದೆ. ಮಗುವಿಗೆ 16 ತುಂಬುವ ಮುನ್ನ ಅದರ ಸ್ವಂತ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯೂ ತಾನಾಗಿಯೇ ಬರುತ್ತದೆ. ವರಮಾನ ಇಳಿದಾಗ ಪಾವತಿಯನ್ನು ಪುನಃ ಆರಂಭಿಸಲು ಕೇಳಿಕೊಳ್ಳಬಹುದು. ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಅರ್ಜಿಯು ಉದ್ಯೋಗವಿಲ್ಲದವರ ಹೆಸರಿನಲ್ಲಿರಬೇಕು; ಸಂಬಳದಿಂದ ದಾಖಲೆ ಹೇಗೂ ತುಂಬುವ ತಂದೆಯ ಹೆಸರಿನಲ್ಲಿ ಅರ್ಜಿ ಹಾಕಿದರೆ ಜಮೆಯು ಅವನಿಗೆ ಹೋಗಿ ವ್ಯರ್ಥವಾಗಬಹುದು. ಎರಡು, ತಡವಾಗಿ ಹಾಕಿದ ಅರ್ಜಿಗೆ ಹಿಂದಿನ ಮೂರು ತಿಂಗಳ ಭತ್ಯೆ ಮಾತ್ರ ದೊರೆಯುವುದು. ಆದುದರಿಂದ ಮಗುವಿನ ಜನನ ನೋಂದಣಿಯಾದೊಡನೆ ಅರ್ಜಿಯನ್ನು ಸಲ್ಲಿಸುವುದು ಕ್ಷೇಮ.

ತೆರಿಗೆಯನ್ನು ಸಲ್ಲಿಸುವ ವಿಧಾನ

2013ರಿಂದ ಬಹುಕಾಲ ಈ ತೆರಿಗೆಗಾಗಿ ಪ್ರತಿಯೊಬ್ಬರೂ ಸ್ವಯಂ ಘೋಷಣೆಯ ರಿಟರ್ನ್ ಸಲ್ಲಿಸಬೇಕಾಗಿತ್ತು. ಸಂಬಳದಲ್ಲಿಯೇ ತೆರಿಗೆ ಮುರಿದುಕೊಳ್ಳುವ ಪದ್ಧತಿಗೆ ಒಗ್ಗಿಹೋಗಿದ್ದ ನೌಕರರಿಗೆ ರಿಟರ್ನ್ ಎಂಬುದೇ ಅಪರಿಚಿತ. ಬಡ್ತಿ ಪಡೆದು ಮಿತಿಯನ್ನು ದಾಟಿದ್ದನ್ನು ಅರಿಯದೆ ಉಳಿದವರಿಗೆ ಕೆಲವು ವರ್ಷಗಳ ಬಾಕಿಯೂ ಬಡ್ಡಿಯೂ ದಂಡವೂ ಒಮ್ಮೆಲೇ ಬಂದೆರಗಿದುದುಂಟು. 2025ರಿಂದ, ರಿಟರ್ನ್ ಸಲ್ಲಿಸಲು ಬೇರೆ ಕಾರಣವಿಲ್ಲದ ನೌಕರರು ಈ ತೆರಿಗೆಯನ್ನು ಸಂಬಳದಿಂದಲೇ ಮುರಿದು ಕಟ್ಟುವ ಅನುಕೂಲ ದೊರೆತಿದೆ. ರಿಟರ್ನಿನ ಮಾರ್ಗವನ್ನೇ ಹಿಡಿಯುವವರು ತೆರಿಗೆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರ ಒಳಗೆ ನೋಂದಾಯಿಸಿಕೊಂಡು, ಅದರ ಮುಂದಿನ ಜನವರಿ 31ರ ಒಳಗೆ ಹಣ ಕಟ್ಟಬೇಕು. ಭತ್ಯೆಯನ್ನು ಪಡೆದು ತೆರಿಗೆ ಕಟ್ಟಲು ನಿರ್ಧರಿಸಿದವರು ಕಟ್ಟಬೇಕಾದ ಪಾಲನ್ನು ಪ್ರತ್ಯೇಕ ಉಳಿತಾಯ ಖಾತೆಯಲ್ಲಿಟ್ಟರೆ ಜನವರಿಯಲ್ಲಿ ಪರದಾಡಬೇಕಾಗಿಲ್ಲ.

ಹಕ್ಕಿನ ಎಲ್ಲೆಗಳು

ಬ್ರಿಟನ್ನಿನಲ್ಲಿರುವ ಎಲ್ಲ ಭಾರತೀಯರಿಗೂ ಈ ಭತ್ಯೆ ಸಲ್ಲುವುದಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಉದ್ಯೋಗದ ವೀಸಾ ಪಡೆದು ಹೋದವರ ಅನುಮತಿ ಪತ್ರದಲ್ಲಿ ಸಾಮಾನ್ಯವಾಗಿ 'ಸಾರ್ವಜನಿಕ ನಿಧಿಗಳಿಗೆ ಹಕ್ಕಿಲ್ಲ' ಎಂಬ ಷರತ್ತಿರುತ್ತದೆ. ಮಕ್ಕಳ ಭತ್ಯೆಯು ಆ ನಿಧಿಗಳಲ್ಲೊಂದು. ಅಂತಹವರು ತೆರಿಗೆಯನ್ನು ಎಲ್ಲರಂತೆ ಕಟ್ಟುತ್ತಿದ್ದರೂ ಭತ್ಯೆಯನ್ನು ಕೇಳುವಂತಿಲ್ಲ. ಅರಿಯದೆ ಕೇಳಿದರೆ ವೀಸಾದ ಷರತ್ತನ್ನು ಮುರಿದಂತಾಗುವ ಅಪಾಯವಿದೆ. ಶಾಶ್ವತ ವಾಸದ ಅನುಮತಿ ಅಥವಾ ಪೌರತ್ವ ದೊರೆತ ಮೇಲೆ ಹಕ್ಕು ಪ್ರಾಪ್ತವಾಗುತ್ತದೆ.

ಊರಿಗೆ ಬರುವವರಿಗೂ ಒಂದು ಎಚ್ಚರಿಕೆ. ಭತ್ಯೆ ಪಡೆಯುವವರು ತಾತ್ಕಾಲಿಕವಾಗಿ ದೇಶ ಬಿಟ್ಟರೆ ಸಾಮಾನ್ಯವಾಗಿ 8 ವಾರಗಳವರೆಗೆ, ಚಿಕಿತ್ಸೆ ಅಥವಾ ಹತ್ತಿರದ ಬಂಧುಗಳ ಮರಣದಂತಹ ಕಾರಣಗಳಿದ್ದರೆ 12 ವಾರಗಳವರೆಗೆ ಭತ್ಯೆ ಮುಂದುವರಿಯುತ್ತದೆ. ಮಗುವನ್ನು ಕರೆದುಕೊಂಡು ತವರಿನಲ್ಲಿ ಆರು ತಿಂಗಳು ಇರಲು ಬರುವ ಮಗಳು ಅದನ್ನು ಇಲಾಖೆಗೆ ಮುಂಚಿತವಾಗಿ ತಿಳಿಸಿ ಬರುವುದು ಒಳ್ಳೆಯದು. ಮರಳಿ ಹೋದ ಪ್ರಯಾಣದ ಟಿಕೆಟ್ಟುಗಳನ್ನು ಕಾದಿಡುವುದೂ ಉಪಯುಕ್ತ. ಏಕೆಂದರೆ 2025ರಲ್ಲಿ ಅಪೂರ್ಣವಾದ ಪ್ರಯಾಣ ದಾಖಲೆಗಳನ್ನು ನಂಬಿ, ದೇಶಕ್ಕೆ ಮರಳಿದ್ದ ಸಾವಿರಾರು ಕುಟುಂಬಗಳ ಭತ್ಯೆಯನ್ನು ತಡೆಹಿಡಿದ ಪ್ರಸಂಗ ನಡೆದು, ಇಲಾಖೆಯು ಕ್ಷಮೆ ಕೋರಬೇಕಾಯಿತು.

ನಮ್ಮ ದೇಶದ ತೆರಿಗೆಯೊಡನೆ ಹೋಲಿಕೆ

ಭಾರತದಲ್ಲಿ ಎಲ್ಲ ಮಕ್ಕಳಿಗೂ ಸಲ್ಲುವ ಇಂತಹ ಭತ್ಯೆಯಿಲ್ಲ. ಆದರೆ ಮಿತಿಯ ಅಂಚಿನಲ್ಲಿ ಏಳುವ ಸಮಸ್ಯೆ ನಮಗೆ ಹೊಸದಲ್ಲ. 2025-26ರ ಆರ್ಥಿಕ ವರ್ಷದಲ್ಲಿ ಹೊಸ ತೆರಿಗೆ ಪದ್ಧತಿಯಂತೆ ತೆರಿಗೆಗೊಳಪಡುವ ಸಂಬಳದ ವರಮಾನ 12 ಲಕ್ಷ ರೂಪಾಯಿಗಳವರೆಗೆ ಇದ್ದವರಿಗೆ ರಿಬೇಟಿನ ಕಾರಣ ತೆರಿಗೆ ಇರಲಿಲ್ಲ. ವರಮಾನ 12,10,000 ಆದರೆ ಪಟ್ಟಿಯ ಪ್ರಕಾರ ತೆರಿಗೆ 61,500 ರೂಪಾಯಿ. ಹತ್ತು ಸಾವಿರ ಹೆಚ್ಚು ಗಳಿಸಿದ್ದಕ್ಕೆ ಅರವತ್ತೊಂದು ಸಾವಿರದ ಐನೂರು ಕೊಡುವುದು ಅನ್ಯಾಯವೆಂದು, ಮಿತಿಯನ್ನು ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಅಂಚಿನ ರಿಯಾಯಿತಿಯನ್ನು ಕೊಡಲಾಗಿತ್ತು. ಸೆಸ್ಸನ್ನು ಬಿಟ್ಟರೆ ತೆರಿಗೆ 10,000 ಮಾತ್ರ. ಪ್ರಪಾತ ತಪ್ಪಿತು, ಆದರೆ ಆ ಹತ್ತು ಸಾವಿರವಷ್ಟೂ ತೆರಿಗೆಗೇ ಹೋಯಿತು. ಬ್ರಿಟನ್ನಿನ ಇಳಿಜಾರು 20,000 ಪೌಂಡಿನಷ್ಟು ಅಗಲವಾಗಿರುವುದರಿಂದ ಅದರ ಪೆಟ್ಟು ನಿಧಾನವಾದುದು. ಎಲ್ಲಿಯೇ ಆಗಲಿ, ಒಂದು ಮಿತಿಯನ್ನು ಗೆರೆ ಎಳೆದು ಗೊತ್ತುಮಾಡಿದೊಡನೆ ಆ ಗೆರೆಯ ಮಗ್ಗುಲಲ್ಲಿರುವವರಿಗೆ ತೊಡಕು ತಪ್ಪಿದ್ದಲ್ಲ.

ಸಮಾರೋಪ

ಉಳ್ಳವರಿಗೇಕೆ ಭತ್ಯೆ ಎಂಬ ಪ್ರಶ್ನೆ ಮೇಲುನೋಟಕ್ಕೆ ನ್ಯಾಯವಾದುದೇ. ಬೊಕ್ಕಸದ ಹಣ ಮಿತವಾದುದು, ಅದು ಅಗತ್ಯವಿದ್ದೆಡೆಗೇ ಹರಿಯಲಿ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ರಾತ್‌ಬೋನ್ ಎತ್ತಿದ ಇನ್ನೊಂದು ಪ್ರಶ್ನೆಯೂ ಜೀವಂತವಾಗಿದೆ. ಮನೆಗೆ ಬರುವ ವರಮಾನವೆಲ್ಲ ಮನೆಯ ಎಲ್ಲರ ಕೈಗೂ ಸಮನಾಗಿ ಬರುವುದೇ? ದೊಡ್ಡ ಸಂಬಳದ ಮನೆಯಲ್ಲಿಯೂ ತನ್ನದೆಂಬ ಒಂದು ಕಾಸಿಲ್ಲದ ತಾಯಂದಿರಿದ್ದಾರೆ. ಅವರ ಪಾಲಿಗೆ ಈ ಭತ್ಯೆಯು ಸ್ವಂತದ್ದೆನ್ನಬಹುದಾದ ಏಕೈಕ ಹಣವಾಗಿರಬಹುದು. ಭತ್ಯೆ ಬೇಡವೆಂದು ಬರೆದುಕೊಡುವ ನಿರ್ಧಾರವನ್ನು ತೆರಿಗೆ ಕಟ್ಟುವವನೊಬ್ಬನೇ ಮಾಡದೆ, ಗಂಡಹೆಂಡಿರು ಕುಳಿತು ಮಾತಾಡಿ ಮಾಡುವುದು ಯೋಗ್ಯ.

ಬ್ರಿಟನ್ನಿನಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಓದುಗರು ಅವರಿಗೆ ತಿಳಿಸಬಹುದಾದ ಮಾತುಗಳನ್ನು ಹೀಗೆ ಸಂಗ್ರಹಿಸಬಹುದು:

1. ಮೊದಲು ವೀಸಾದ ಷರತ್ತನ್ನು ನೋಡಿಕೊಳ್ಳಬೇಕು. ಹಕ್ಕಿದ್ದರೆ, ವರಮಾನ ಎಷ್ಟೇ ಇರಲಿ, ಮಗು ಹುಟ್ಟಿದೊಡನೆ ಅರ್ಜಿ ಸಲ್ಲಿಸಬೇಕು.

2. ಅರ್ಜಿಯು ಉದ್ಯೋಗವಿಲ್ಲದ ಅಥವಾ ಕಡಮೆ ಗಳಿಸುವವರ ಹೆಸರಿನಲ್ಲಿರಬೇಕು.

3. ವರಮಾನ 60,000 ಪೌಂಡಿನ ಸಮೀಪಕ್ಕೆ ಬಂದಾಗ ಭಾರತದ ಬಡ್ಡಿ, ಬಾಡಿಗೆಗಳನ್ನೂ ಸೇರಿಸಿ ಲೆಕ್ಕ ಹಾಕಬೇಕು. ಪಿಂಚಣಿಯ ವಂತಿಗೆಯನ್ನು ಕಳೆಯಲು ಮರೆಯಬಾರದು.

4. ವರಮಾನ 80,000 ಮೀರಿದವರು ಪಾವತಿಯನ್ನು ನಿಲ್ಲಿಸಬಹುದು, ಅರ್ಜಿಯನ್ನು ಬಿಡಬಾರದು.

5. ದರಗಳೂ ಮಿತಿಗಳೂ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಪ್ರತಿ ಏಪ್ರಿಲ್‌ನಲ್ಲಿ ಹೊಸ ಅಂಕಿಗಳನ್ನು ವಿಚಾರಿಸಿಕೊಳ್ಳಬೇಕು.

ಮಗುವಿನ ಆರೈಕೆಯಲ್ಲಿ ಕಳೆದ ವರ್ಷಗಳಿಗೆ ಸಂಬಳದ ಚೀಟಿ ಇರುವುದಿಲ್ಲ. ಆ ವರ್ಷಗಳು ಸರಕಾರದ ಪುಸ್ತಕದಲ್ಲಿ ದುಡಿಮೆಯ ವರ್ಷಗಳೆಂದು ದಾಖಲಾಗಬೇಕಾದರೆ ಅದಕ್ಕಿರುವ ಸುಲಭ ಸಾಧನ ಈ ಒಂದು ಅರ್ಜಿ. ಅದನ್ನು ತುಂಬಿ ಕಳುಹಿಸಲು ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕಾಗದು.